ಬ್ರೌಸರ್ ಯಾರ ಪೈಕಿ?

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವವರು ಮನುಷ್ಯರು ಎಂದು ಎಲ್ಲರೂ ಹೇಳುತ್ತಾರೆ. ಇದನ್ನು ಪರೀಕ್ಷಿಸಿದವರು ಯಾರು ಎಂದು ಕೇಳಿದರೆ ಮಾತ್ರ 'ಈಕೆಗೆ ಎಲ್ಲದರ ಮೇಲೂ ಸಂಶಯ' ಎಂದು ಎದ್ದು ಹೋಗುತ್ತಾರೆ. ಸಂಶಯ ನನ್ನ ಸ್ವಭಾವವಲ್ಲ, ತರಬೇತಿ. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು ನಾನು. ಹಾಲಿನವನು ತಾನಾಗಿ 'ನೀರು ಹಾಕಿಲ್ರಿ' ಎಂದರೂ ಸಾಕು, 'ಹಾಕೀದಿ ಅಂತ ಯಾರಂದ್ರು? ನಿನಗ್ಯಾಕ ಬಂತು ಆ ಮಾತು?' ಎಂದು ಹಿಡಿದು ನಿಲ್ಲಿಸುವ ಚಟ. ಮುದ್ದೇಬಿಹಾಳದಲ್ಲಿ 'ಪರಿಚಯಕ್ಕಿಂತ ಅರ್ಹತೆಯೇ ದೊಡ್ಡದು' ಎಂಬ ವಿಷಯದ ಪರವಾಗಿ ಐದು ನಿಮಿಷ ಗುಡುಗಿ ಗೆದ್ದ ಸ್ಟೀಲಿನ ತಂಬಿಗೆಯಲ್ಲಿ ನಮ್ಮವ್ವ ಈಗಲೂ ಮಜ್ಜಿಗೆ ಇಡುತ್ತಾಳೆ.

ಇಂಥ ನಾನು, ಬಸವನ ಬಾಗೇವಾಡಿಯ ಒಂದು ಪ್ರೌಢಶಾಲೆಯ ಕನ್ನಡ ಶಿಕ್ಷಕಿ ಹುದ್ದೆಗೆ ಅರ್ಜಿ ಹಾಕಲು ನಮ್ಮೂರು ಕನ್ನೊಳ್ಳಿಯಿಂದ ಸಿಂದಗಿಯ ಮಲ್ಲಪ್ಪ ಕಾಕಾನ ಆನ್‌ಲೈನ್ ಅಂಗಡಿಗೆ ಹೋದೆ. ಈ ಕೆಲಸ ಸಿಗದಿದ್ದರೆ ನೋಡಲು ಬರುವ ಗಂಡುಗಳ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ತುಟಿ ಬಿಚ್ಚದೆ ನಿಲ್ಲಬೇಕೆಂದು ಅಪ್ಪನೊಡನೆ ಒಪ್ಪಂದವಾಗಿತ್ತು. ತಟ್ಟೆ ಹಿಡಿದೇನು, ತುಟಿ ಬಿಚ್ಚದಿರುವುದು ಹೇಗೆ? ಅಂದೇ ಕೊನೆಯ ದಿನ. ಅರ್ಜಿಯನ್ನು ಮೊಬೈಲಿನಲ್ಲಲ್ಲ, ಕಂಪ್ಯೂಟರಿನಲ್ಲೇ ತುಂಬಬೇಕೆಂದು ಷರತ್ತು. ಸಂಜೆ ಐದಕ್ಕೆ ಜಾಲತಾಣ ಬಂದ್.

ಕಾಕಾನ ಕಂಪ್ಯೂಟರ್ ಗುಜರಿಯಿಂದ ಎದ್ದು ಬಂದದ್ದು. ಅದರ ಬಡ ಜೀವಕ್ಕೆ ಭಾರವಾಗದಿರಲೆಂದು, ಯಾರೂ ಹೆಸರು ಕೇಳದ ಪುಟ್ಟ ಬ್ರೌಸರೊಂದನ್ನು ಹಾಕಿದ್ದರು. ಶಾಲೆಯ ಜಾಲತಾಣ ತೆರೆದರೆ ಒಂದೇ ಸಾಲು: 'ನಿಮ್ಮ ಬ್ರೌಸರ್ ನಮಗೆ ಪರಿಚಯವಿಲ್ಲ.' ಗಂಟೆ ನಾಲ್ಕೂವರೆ.

"ಅಂಜಬ್ಯಾಡ ತಂಗಿ. ವೆಬ್‌ಸೈಟಿನ ಬಾಗಲದಾಗ ನಿಂತ ಕೂಡ್ಲೆ ಬ್ರೌಸರ್ ತನ್ನ ಹೆಸರು ಹೇಳ್ಕೋತೈತಿ. ಇದು ಬಡಪಾಯಿ, ಖರೇ ಹೆಸರು ಹೇಳೇತಿ. ಅದಕ ಬಾಗಲಾ ಕಾಯು ಸರ್ವರ್ ಹೊರಗ ಹಾಕೇತಿ. ದೊಡ್ಡ ಬ್ರೌಸರಿನ ಹೆಸರು ಬರದು ಕಳಸ್ತೇನಿ, ತಡಿ."

"ಅಂದ್ರ ಸುಳ್ಳು ಹೇಳಸ್ತೀರಿ? ನಾ ಮಾಸ್ತರಿಕಿಗೆ ಅರ್ಜಿ ಹಾಕಾಕತ್ತೇನ್ರಿ ಕಾಕಾ!"

"ದೊಡ್ಡಾವೇನು ಖರೇ ಹೇಳ್ತಾವಂತ ತಿಳದೀಯೇನು? ಕೊಡಿಲ್ಲಿ ನಿನ್ನ ಮೊಬೈಲು."

ನನ್ನ ಮೊಬೈಲಿನ ಬ್ರೌಸರ್ ಪ್ರತಿ ಬಾಗಿಲಲ್ಲೂ ಒಪ್ಪಿಸುವ ಪರಿಚಯವನ್ನು ತೆಗೆದು ತೋರಿಸಿದರು. ಉದ್ದನೆಯ ಸಾಲು. ಲಗ್ನಪತ್ರಿಕೆ ಲಿಂಗೈಕ್ಯ ಮುತ್ತಜ್ಜನಿಂದ ಶುರುವಾಗುವಂತೆ, ಮೊದಲಿಗೇ ಎಂದೋ ತೀರಿಹೋದ ಬ್ರೌಸರೊಂದರ ಹೆಸರು. ನಡುವೆ, ಪುಟ ಬಿಡಿಸಿ ತೋರಿಸುವ ಬೇರೆ ಯಾರದೋ ಇಂಜಿನ್ನಿನ ಹೆಸರು, ಪಕ್ಕದಲ್ಲಿ ಕಂಸದೊಳಗೆ ಮೆಲ್ಲಗೆ 'ಇಂಥದ್ದರ ಹಾಗೆ' ಎಂಬ ಒಕ್ಕಣೆ. ಆಮೇಲೆ ಸ್ವಂತ ಹೆಸರು. ಕೊನೆಗೆ, ಎದುರಾಳಿ ಬ್ರೌಸರಿನ ಹೆಸರು! ಕಾಕಾ ಹೇಳಿದ ಕಥೆ ಇಷ್ಟು: ಆ ಮುತ್ತಜ್ಜ ಬ್ರೌಸರಿಗೆ ಮಾತ್ರ ಚೆಂದದ ಪುಟ ತೋರಿಸುವ ಶಕ್ತಿಯಿದ್ದ ಕಾಲದಲ್ಲಿ, ಸರ್ವರುಗಳು ಆ ಹೆಸರು ಹೇಳಿದವರಿಗಷ್ಟೇ ಒಳ್ಳೆಯ ಪುಟ ಕೊಡುತ್ತಿದ್ದವು. ಆಮೇಲೆ ಹುಟ್ಟಿದ ಬ್ರೌಸರಿಗೂ ಆ ಶಕ್ತಿ ಬಂತು, ಆದರೆ ಹೆಸರಿಲ್ಲವೆಂದು ಒಳ್ಳೆಯ ಪುಟ ಸಿಗಲಿಲ್ಲ. ಅದು ಆ ಹೆಸರು ಹೇಳಿಕೊಂಡಿತು. ಅದರ ನಂತರ ಬಂದದ್ದು ಎರಡೂ ಹೆಸರು ಹೇಳಿತು. ಹೀಗೇ ಬೆಳೆಯಿತು.

"ಎಲ್ಲಾರೂ ಹೇಳ್ತಾರಂದ್ರ ಸುಳ್ಳು ಖರೇ ಆಗೂದಿಲ್ರಿ," ಎಂದು ನಾನು ಎರಡನೆಯ ಸುತ್ತಿಗೆ ಇಳಿದೆ.

"ಆಗೂದಿಲ್ಲವಾ, ಒಪ್ಪಿದೆ. ಆದ್ರ ಗಂಟಿ ಐದಾಗ್ತೈತಿ."

ನಾಲ್ಕು ಐವತ್ತಕ್ಕೆ ನನ್ನ ತತ್ವ ಬಿದ್ದಿತು. ಕಾಕಾ ಹೆಸರು ಬದಲಿಸಿದರು. ಅದೇ ಯಂತ್ರ, ಅದೇ ಬ್ರೌಸರ್, ಪುಟ ಮಾತ್ರ ಬೀಗರು ಬಂದಂತೆ ಅರಳಿ ನಿಂತಿತು. 'ಮೇಲಿನ ಮಾಹಿತಿಯೆಲ್ಲ ಸತ್ಯ' ಎಂಬಲ್ಲಿ ನಾನೇ ಟಿಕ್ ಹಾಕಿದೆ. ನನ್ನ ಮಾಹಿತಿಯಷ್ಟೇ ನನ್ನ ಹೊಣೆ ಎಂದು ಮನಸ್ಸಿನಲ್ಲೇ ವಾದಿಸಿ ಗೆದ್ದೆ. ಎದುರಾಳಿ ಇರಲಿಲ್ಲ.

ಹದಿನೈದು ದಿನಕ್ಕೆ ಬಾಗೇವಾಡಿಯಲ್ಲಿ ಸಂದರ್ಶನ. ನನಗಿಂತ ಮುಂಚೆ ಒಳಹೋದ ಗೊಳಸಂಗಿಯ ಹುಡುಗಿ ಎರಡೇ ನಿಮಿಷಕ್ಕೆ ಹೊರಬಂದಳು. "ಏನ್ ಕೇಳಿದ್ರು?" ಎಂದೆ. "ಯಾರ ಪೈಕಿ ಅಂದ್ರು. ಅಪ್ಪನ ಹೆಸರು ಹೇಳಿದೆ. ಆತು, ಹೋಗವಾ ಅಂದ್ರು."

ಒಳಗೆ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನ ಅಂಕಪಟ್ಟಿಯ ಮೇಲೆ ಚಹದ ಕಪ್ಪು ಇಟ್ಟುಕೊಂಡಿದ್ದರು. "ಕನ್ನೊಳ್ಳಿಯವರೇನ್ರಿ? ಯಾರ ಪೈಕಿ?"

ಮುದ್ದೇಬಿಹಾಳದ ಐದು ನಿಮಿಷದ ಭಾಷಣ ಪೂರ್ತಿ ಬಾಯಿಗೆ ಬಂದಿತ್ತು. ಅದರ ಹಿಂದೆಯೇ ಉಪ್ಪಿಟ್ಟಿನ ತಟ್ಟೆಯೂ ಬಂತು. ಇಂಡಿಯಲ್ಲಿ ಹೆಸರಾಂತ ವಕೀಲರೊಬ್ಬರಿದ್ದಾರೆ. ಅವರ ಮಹಡಿಯಲ್ಲಿ ನಮ್ಮ ಸೋದರತ್ತೆ ಎರಡು ವರ್ಷ ಬಾಡಿಗೆಗಿದ್ದಳು.

"ಇಂಡಿ ವಕೀಲರು ಗೊತ್ತಲ್ರಿ ಸರ್," ಎಂದೆ. "ನಾವು ಅವರ ಮನಿಯವರಿದ್ದಂಗ."

ಅಧ್ಯಕ್ಷರು ಕಪ್ಪು ಎತ್ತಿ, ಅಂಕಪಟ್ಟಿಯ ಕಲೆ ಒರೆಸಿ, "ಕೂಡ್ರಿ, ಕೂಡ್ರಿ! ಚಾ ತಗೋತೀರೇನು?" ಎಂದರು.

ನೇಮಕಾತಿ ಪತ್ರ ಮುದ್ರಿಸಿಕೊಳ್ಳಲು ನಿನ್ನೆ ಅದೇ ಅಂಗಡಿಗೆ ಹೋಗಿದ್ದೆ. ಕಾಕಾ ನನಗೆ ಬೆನ್ನು ಹಾಕಿ ಪ್ರಿಂಟರಿನಲ್ಲಿ ಸಿಕ್ಕ ಕಾಗದ ಎಳೆಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, ಆ ಬೆನ್ನನ್ನೇ ಕೇಳಿದೆ: "ಕಾಕಾ, ನಿಮ್ಮ ಆ ಸಣ್ಣ ಬ್ರೌಸರಿನಂಗ, ಆ ಗೊಳಸಂಗಿ ಹುಡುಗಿಯಂಗ, ನಾನೂ ಖರೇ ಹೆಸರಷ್ಟ ಹೇಳಿದ್ರ ಒಳಗ ಬಿಡ್ತಿದ್ರೇನ್ರಿ?"