ಲವೋನಳ ದಿಬ್ಬ

ವರ್ಲಿನ್ ಟೋರ್ವಿಕ್‌ನ ಹೆಂಡತಿ ಲವೋನ್ ಸಾಯುವಾಗಲೂ ತಾನು ಮೀನು ಹಿಡಿಯುವ ಜಾಗ ಯಾವುದೆಂದು ಬಾಯಿಬಿಡಲಿಲ್ಲ. ಮಿನೆಸೋಟದ ಆ ಕೆರೆಯ ದಂಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಲ್ಲಿ ಗಂಡಹೆಂಡಿರು ಹಲ್ಲುಜ್ಜುವ ಬ್ರಶ್ಶನ್ನಾದರೂ ಹಂಚಿಕೊಂಡಾರು, ಮೀನಿನ ಜಾಗವನ್ನಲ್ಲ. ತೊಂದರೆಯೆಂದರೆ, ತನ್ನ ಬೂದಿಯನ್ನು ಅಲ್ಲೇ ಬಿಡಬೇಕೆಂದು ಅವಳು ಮಾತು ತೆಗೆದುಕೊಂಡಿದ್ದಳು.

“ಎಲ್ಲಿ ಅಂತಾದ್ರೂ ಹೇಳೇ,” ಎಂದಿದ್ದ ವರ್ಲಿನ್, ಆಸ್ಪತ್ರೆಯಲ್ಲಿ.

“ನೀರೊಳಗೊಂದು ದಿಬ್ಬ ಇದೆ. ಸುತ್ತ ಮೂವತ್ತಡಿ ಆಳ, ದಿಬ್ಬದ ಮೇಲೆ ಹನ್ನೊಂದೇ. ಹುಡುಕ್ಕೋ. ಹೇಳಿದ್ರೆ ನೀನು ಡೆಲ್ಮರ್ ಕಿವೀಲಿ ಊದಿಬಿಡ್ತೀಯ.”

ಬೇಸಿಗೆಯಿಡೀ ಬೂದಿ ಕಾಫಿ ಡಬ್ಬಿಯೊಳಗೆ ಅಡುಗೆಮನೆಯ ಕಿಟಕಿಯಲ್ಲಿ ಕೂತಿತ್ತು. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಕೆರೆ ಹೆಪ್ಪುಗಟ್ಟಿದರೆ ಮತ್ತೆ ವಸಂತದವರೆಗೆ ಕಾಯಬೇಕು. ವರ್ಲಿನ್ ಪೇಟೆಯಿಂದ ಆಳ ಅಳೆಯುವ ಯಂತ್ರವೊಂದನ್ನು ತಂದ.

ಅವಳ ಅಲ್ಯೂಮಿನಿಯಂ ದೋಣಿಯ ಹಿಂಬದಿಗೆ ಸೋಪಿನ ಬಿಲ್ಲೆಯಷ್ಟಿರುವ ಟ್ರಾನ್ಸ್‌ಡ್ಯೂಸರ್ ಬಿಗಿಯಬೇಕಿತ್ತು. ನೀರಿನ ತಳ ನೋಡುವ ಕಣ್ಣು ಅದು. ವರ್ಲಿನ್ ಡ್ರಿಲ್ ಹಿಡಿದು ಎರಡು ತೂತು ಕೊರೆದಿದ್ದನಷ್ಟೆ, ಪಕ್ಕದ ಮನೆಯ ಡೆಲ್ಮರ್ ಕಾಫಿ ಲೋಟದ ಸಮೇತ ಹಾಜರಾದ.

“ಅಷ್ಟು ಮೇಲೆ ಹಾಕಿದ್ರೆ ಅದೇನು ಆಕಾಶ ನೋಡತ್ತಾ? ಕೆಳಗೆ ಹಾಕೋ.”

ಕೆಳಗೆ ಎರಡು ತೂತು ಬಿದ್ದವು. ಅಷ್ಟರಲ್ಲಿ ಎದುರುಮನೆಯ ಆರ್ಡಿಸ್ ಬಂದಳು. “ಅಯ್ಯೋ, ಪ್ರೊಪೆಲರ್ ಪಕ್ಕದಲ್ಲೇ! ಬರೀ ಗುಳ್ಳೆ ಕಾಣತ್ತೆ. ಆ ಕಡೆ ಹಾಕು.”

ದೋಣಿಯ ಹಿಂಬದಿ ಮೆಣಸಿನಪುಡಿ ಉದುರಿಸುವ ಡಬ್ಬಿಯ ಮುಚ್ಚಳದಂತಾಯಿತು. ಬೇಡದ ತೂತುಗಳಿಗೆ ಅಂಟು ಮೆತ್ತಿದರು. ಒಂದು ದಿನ ಒಣಗಬೇಕೆಂದು ಟ್ಯೂಬಿನ ಮೇಲೆ ಬರೆದಿತ್ತು. “ಅದೆಲ್ಲಾ ಬರೀತಾರೆ,” ಎಂದ ಡೆಲ್ಮರ್. ಯಂತ್ರಕ್ಕೆ ಜೀವ ಬಂದದ್ದೇ ಪರದೆಯ ಮೇಲೆ ಏನೋ ಪ್ರಶ್ನೆ ಕೇಳಿತು. ಆರ್ಡಿಸ್ ಕನ್ನಡಕವಿಲ್ಲದೆಯೇ ‘ಹೌದು’ ಒತ್ತಿದಳು.

ವರ್ಲಿನ್ ಒಬ್ಬನೇ ಹೊರಟ. ಕೆರೆಯ ನಡುವಿಗೆ ಬರುವಷ್ಟರಲ್ಲಿ ನೀರು ಶೂಗಳ ಒಳಗೆ ಬಂದಿತ್ತು. ಪರದೆಯ ಮೇಲೆ ಮೂವತ್ತು, ಇಪ್ಪತ್ತೆಂಟು, ಹತ್ತೊಂಬತ್ತು... ಹನ್ನೊಂದು! ದುಂಡಗಿನ ದಿಬ್ಬ, ಅದರ ಮೇಲೆ ಸಾಲು ಮೀನು. “ಸಿಕ್ತು ಕಣೇ,” ಎಂದು ಡಬ್ಬಿಯನ್ನು ನಿಧಾನವಾಗಿ ಬಗ್ಗಿಸಿದ. ಆಮೇಲೆ ಬೇರೆ ಪಾತ್ರೆಯಿಲ್ಲದೆ, ಕ್ಷಮೆ ಕೇಳುತ್ತ, ಅದೇ ಡಬ್ಬಿಯಿಂದ ದೋಣಿಯ ನೀರು ಮೊಗೆಯುತ್ತ ದಡ ಸೇರಿದ.

ಡೆಲ್ಮರ್ ದೋಣಿಯನ್ನು ಟ್ರೈಲರ್ ಮೇಲೆ ಎಳೆದು ತಂದು ವಾಹನಗಳು ನಿಲ್ಲುವ ಡಾಂಬರಿನ ಮೇಲೆ ನಿಲ್ಲಿಸಿದ. ತೂತುಗಳಿಂದ ನೀರು ಸುರಿಯುತ್ತಿತ್ತು. ಯಂತ್ರವನ್ನು ಆರಿಸಲು ಬಗ್ಗಿದವನು ಹಾಗೇ ನಿಂತ.

“ವರ್ಲಿನ್, ಇದಿನ್ನೂ ಮೂವತ್ತಡಿ ಅಂತಿದೆ.”

ದಡದಲ್ಲಿ ಕಾದಿದ್ದ ಆರ್ಡಿಸ್ ಸೇರಿ ಮೂವರೂ ನೋಡಿದರು. ಇಪ್ಪತ್ತೆಂಟು. ಹತ್ತೊಂಬತ್ತು. ಡಾಂಬರಿನ ಕೆಳಗಿಂದ ದುಂಡಗಿನ ದಿಬ್ಬವೊಂದು ಎದ್ದು ಬಂತು.

“ಅಂಗಡೀಲಿ ಗಿರಾಕಿಗಳಿಗೆ ತೋರಿಸೋ ಚಿತ್ರ ಕಣೋ ಇದು,” ಎಂದ ಡೆಲ್ಮರ್ ಮೆಲ್ಲಗೆ. “ಒಂದೇ ಚಿತ್ರ, ಸುತ್ತಿ ಸುತ್ತಿ ಬರತ್ತೆ. ನೀನು... ಎಲ್ಲಿ ಬಿಟ್ಟೆ ಅವಳನ್ನ?”

ವರ್ಲಿನ್ ಕೆರೆಯ ಕಡೆ ತಿರುಗಿದ. ಎಲ್ಲಾ ಕಡೆ ಒಂದೇ ಬೂದುಬಣ್ಣದ ನೀರು.

ಆರ್ಡಿಸ್ ಮೂಗು ಒರೆಸಿಕೊಂಡಳು. ಯಂತ್ರವನ್ನು ಆರಿಸಲು ಡೆಲ್ಮರ್ ಗುಂಡಿಯ ಕಡೆ ಕೈ ಚಾಚಿದ.

“ಇರಲಿ ಬಿಡು,” ಎಂದ ವರ್ಲಿನ್.

ಡೆಲ್ಮರ್ ಟೋಪಿ ತೆಗೆದ. ಡಾಂಬರಿನ ಕೆಳಗೆ ಮೀನೊಂದು ಹಾದುಹೋಯಿತು.

“ದೊಡ್ಡದೇ,” ಎಂದಳು ಆರ್ಡಿಸ್.