ಸುಹಾಸನ ಪರೀಕ್ಷೆಗೆ ಕಾಕೂ ನೆರವು

ರಗಳೆ ಶುರುವಾದದ್ದು ಒಂದು ಚಮಚ ಮೊಸರು-ಸಕ್ಕರೆಯಿಂದ.

ಪುಣೆಯ ಆ ವಠಾರದಲ್ಲಿ ಯಾರ ಮಕ್ಕಳಿಗೆ ಪರೀಕ್ಷೆಯಿದ್ದರೂ ಒಳ್ಳೆಯದಾಗಲೆಂದು ಬಾಯಿಗೆ ಮೊಸರು-ಸಕ್ಕರೆ ಹಾಕುವ ಹಕ್ಕು ಎಲ್ಲರಿಗೂ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಇಂದುಮತಿ ಕಾಕೂದು. ಸುಹಾಸ ಗುರವ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಎಂ.ಎ. ಕೊನೆಯ ಪತ್ರಿಕೆ ಬರೆಯುತ್ತಿದ್ದ. ಕಣ್ಣು ಕಾಣದ ಅವನಿಗೆ ಲ್ಯಾಪ್‌ಟಾಪೇ ಹೆಂಗಸಿನ ದನಿಯಲ್ಲಿ ಎಲ್ಲ ಓದಿ ಹೇಳುತ್ತಿತ್ತು. ಇದೊಂದು ಪಾಸಾದರೆ ಕಾಲೇಜಿನಲ್ಲಿ ಮೇಷ್ಟರ ಕೆಲಸ ಕಾದಿತ್ತು. ಆದರೆ ಕ್ಯಾಮೆರಾದ ಕಾವಲು. ಮೂರು ಎಚ್ಚರಿಕೆ ಬಿದ್ದರೆ ಪರೀಕ್ಷೆ ಬಂದ್.

ಕಾಕೂ ಹಿಂದಿನಿಂದ ಬಂದು ಚಮಚ ತುರುಕಿದರು.

"ಮೊದಲ ಎಚ್ಚರಿಕೆ. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ," ಎಂದಿತು ಲ್ಯಾಪ್‌ಟಾಪ್.

"ಯಾರೋ ಇವಳು, ನನ್ನನ್ನ ಇನ್ನೊಬ್ಬಳು ಅನ್ನೋಳು?" ಎಂದರು ಕಾಕೂ.

"ಕಾಕೂ, ದಮ್ಮಯ್ಯ, ಆಚೆ ಹೋಗಿ!"

"ಎರಡನೇ ಎಚ್ಚರಿಕೆ. ಪರದೆಯನ್ನೇ ನೋಡಿ."

"ಕಂಡಿದ್ರೆ ನೋಡ್ತಿರಲಿಲ್ವೇನಮ್ಮಾ!" ಎಂದ ಸುಹಾಸ ಲ್ಯಾಪ್‌ಟಾಪಿಗೆ.

ಬಾಗಿಲಲ್ಲಿ ನಿಂತಿದ್ದ ನಿವೃತ್ತ ಬಸ್ ಕಂಡಕ್ಟರ್ ಸಾಳುಂಖೆ ಬಾಪೂ ಗದರಿದರು. "ಕತ್ತು ಆಡಿಸ್ಬೇಡ್ವೋ! ಫೋಟೋಗೆ ಕೂತ ಮದುಮಗನ ಹಾಗೆ ಕೂತ್ಕೋ."

ಸುಹಾಸ ಬೆವರುತ್ತ ಸಹಾಯದ ಗುಂಡಿ ಒತ್ತಿದ. ಜೇನಿನಂಥ ಗಂಡುದನಿ ಬಂತು. "ಅಂಗವಿಕಲರಾ? ಮೊದಲೇ ಹೇಳ್ಬಾರ್ದಾ ಸರ್! ನಿಮಗಂತಲೇ ವಿಶೇಷ ಸಹಾಯಕಿ ಇದ್ದಾರೆ. ಈಗಲೇ ಪರದೆ ಮೇಲೆ ಬರ್ತಾರೆ."

ಟಿಣ್ ಎಂದಿತು. ಆಮೇಲೆ ಸದ್ದೇ ಇಲ್ಲ.

"ಹಲೋ, ಮೇಡಂ? ಬಾಪೂ, ನೆಟ್ ಹೋಯ್ತಾ?"

ಬಾಪೂ ಬಾಗಿಲಿಂದಲೇ ಕತ್ತು ಚಾಚಿದರು. "ನೆಟ್ ಇದೆ. ಹುಡುಗೀನೂ ಇದಾಳೆ. ಬಾಯಿ ಬಿಡಲ್ಲ, ಬರೀ ಕೈ ಆಡಿಸ್ತಾಳೆ. ನಾಟ್ಯದೋಳಿರಬೇಕು."

ಸುಹಾಸನಿಗೆ ಈಗ ಹೊಳೆಯಿತು. ಕಳಿಸಿದ್ದು ಸನ್ನೆ ಭಾಷೆಯವಳನ್ನು! "ಮೇಡಂ, ನಂಗೆ ಕಿವಿ ಕೇಳತ್ತೆ, ಕಣ್ಣು ಕಾಣಲ್ಲ!"

"ತನ್ನ ಕಿವಿ ತೋರ್ಸಿ ತಲೆ ಆಡಿಸ್ತಿದಾಳೆ ಕಣೋ. ಅವಳಿಗೂ ಕೇಳಲ್ಲ."

"ಪಾಪ, ಕೈ ಬಿದ್ದುಹೋಗೋ ಹಾಗೆ ಮಾತಾಡ್ತಿದಾಳೆ, ಉತ್ತರ ಕೊಡೋರಿಲ್ಲ!" ಎನ್ನುತ್ತ ಕಾಕೂ ಕ್ಯಾಮೆರಾದ ಮುಂದೆ ನುಗ್ಗಿದರು. ಸುಹಾಸನನ್ನು ತೋರಿಸಿದರು, ಕಣ್ಣು ಮುಚ್ಚಿದರು, ಬಳೆಗಳ ಸದ್ದಾಗುವಂತೆ ಗಾಳಿಯಲ್ಲಿ ತಡಕಾಡಿದರು, ಕೈಮುಗಿದರು.

ಮೂರನೇ ಎಚ್ಚರಿಕೆ ಬಂದೇಬಿಡುತ್ತದೆಂದು ಸುಹಾಸ ಕಿವಿ ಮುಚ್ಚಿಕೊಂಡ. ಆದರೆ ಲ್ಯಾಪ್‌ಟಾಪ್ ಮುದ್ದಾಗಿ ಓದಿತು. "ಎಚ್ಚರಿಕೆಗಳು ರದ್ದು. ನಿಮ್ಮ ಸನ್ನೆ ಭಾಷೆಯ ಜೊತೆಗಾತಿಗೆ ಅನುಮತಿ ನೀಡಲಾಗಿದೆ."

"ಗೆದ್ದೆ ಕಾಕೂ!" ಸುಹಾಸ ಅವರ ಕಾಲು ತಡಕಿ ನಮಸ್ಕರಿಸಿದ.

"ಜೊತೆಗಾತಿ ಪರೀಕ್ಷೆ ಮುಗಿಯುವ ತನಕ ಪಕ್ಕದಲ್ಲೇ ಕೂತಿರಬೇಕು. ಎದ್ದುಹೋದರೆ ಪರೀಕ್ಷೆ ಬಂದ್," ಲ್ಯಾಪ್‌ಟಾಪ್ ಓದು ಮುಂದುವರಿಸಿತು.

"ಕೂತ್ಕೋತೀನಿ ಮಗಾ, ನನಗೇನು ಕೆಲಸ?" ಕಾಕೂ ಸೀರೆ ಸರಿಮಾಡಿಕೊಂಡು ಸ್ಟೂಲು ಎಳೆದು ಕೂತರು. ಸುಹಾಸ ಎರಡು ಸಾಲು ಬರೆದಿದ್ದನೇನೋ.

"ಅಯ್ಯಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೆ ಕಣೋ!" ಕಾಕೂ ಎದ್ದು ಮನೆಗೆ ಓಡಿದರು.

ಹಾಲು ಉಳಿಯಿತು.