ಮದುವೆಯ ಹಾಗೆ ಕಾಣಕೂಡದು

ಬಿಷಪ್ಪರ ಕಚೇರಿಯಿಂದ ಬಂದ ಎರಡು ಪುಟದ ಸುತ್ತೋಲೆಯಲ್ಲಿ ಡೆಸ್ಮಂಡ್ ಪರ್ಕಿಸ್‌ನ ನಿದ್ದೆ ಕೆಡಿಸಿದ್ದು ಒಂದೇ ಒಂದು ಸಾಲು. ಒಟ್ಟಿಗೆ ಬಾಳುವ ಇಬ್ಬರು ಗಂಡಸರಿಗಾಗಲಿ ಇಬ್ಬರು ಹೆಂಗಸರಿಗಾಗಲಿ ಭಾನುವಾರದ ಮಾಮೂಲಿ ಆರಾಧನೆಯ ನಡುವೆ ಆಶೀರ್ವಾದದ ಪ್ರಾರ್ಥನೆ ಹೇಳಬಹುದು. ಆದರೆ ಅದು ಮದುವೆಯ ಹಾಗೆ ಕಾಣಕೂಡದು. ಮದುವೆ ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಬರೆದವರು ಹೇಳಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇಂಗ್ಲೆಂಡಿನ ದೊಡ್ಡ ದೊಡ್ಡ ಪಾದ್ರಿಗಳು ವರ್ಷಗಟ್ಟಲೆ ಚರ್ಚಿಸಿ ಕಂಡುಕೊಂಡ ದಾರಿ ಅದು. ಕೊನೆಗೆ ಆ ಕೋಲನ್ನು ನೆದರ್ ಹ್ಯಾಕ್ಲಿ ಎಂಬ ಹಳ್ಳಿಯ ಚರ್ಚ್ ವಾರ್ಡನ್ನನ ಕೈಗೆ ಕೊಟ್ಟು ತಾವು ಕೈತೊಳೆದುಕೊಂಡರು.

ಚರ್ಚಿನ ಆಗುಹೋಗು ನೋಡಿಕೊಳ್ಳುವ ಆ ವಾರ್ಡನ್ನೇ ಡೆಸ್ಮಂಡ್. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಯಾರ ಜೊತೆಗೂ ಜಗಳ ಬೇಡ ಎನ್ನುವುದೇ ಅವನ ವೇದಾಂತ. ಅಂಥವನನ್ನೇ ಹುಡುಕಿ ವಾರ್ಡನ್ ಮಾಡುವುದು ಆ ಊರಿನ ಪದ್ಧತಿ.

ಪ್ರಾರ್ಥನೆ ಬೇಕಾಗಿದ್ದದ್ದು ಆಲ್ಬನ್ ಮತ್ತು ವಿಲ್ಫ್‌ಗೆ. ಆಲ್ಬನ್ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು, ವಿಲ್ಫ್ ಮನೆಮನೆಗೆ ಟಪಾಲು ಹಂಚಿದವನು. ಮೂವತ್ತೆಂಟು ವರ್ಷದಿಂದ ಇಬ್ಬರೂ ಚರ್ಚಿನ ಹಿಂದಿನ ಮನೆಯಲ್ಲಿ ಒಟ್ಟಿಗಿದ್ದರು. ಬರುವ ಮಂಗಳವಾರ ವಿಲ್ಫ್‌ಗೆ ಹೃದಯದ ಆಪರೇಷನ್ ನಿಗದಿಯಾಗಿತ್ತು. ಅಷ್ಟರೊಳಗೆ ದೇವರ ಮುಂದೆ ಒಂದು ಮಾತು ಆಗಿಬಿಡಲಿ ಎಂದು ಆಲ್ಬನ್ ಕೇಳಿಕೊಂಡಿದ್ದ. ಪಾದ್ರಿಯಮ್ಮ ಫಿಲಿಪ್ಪಾ ಒಪ್ಪಿಕೊಂಡಿದ್ದರು.

ಅಲ್ಲಿಗೆ ಇಪ್ಪತ್ಮೂರು ಜನರ ಸಭೆ ಎರಡಾಯಿತು. ಬೇಡ ಎನ್ನುವವರ ಮುಂದಾಳು ಬೆರಿಲ್ ಸ್ಟಾಗ್. ಚರ್ಚಿನ ಹೂವು, ಚಹಾ, ಕೇಕು ಮೂರೂ ಆಕೆಯ ಸುಪರ್ದಿನಲ್ಲಿದ್ದವು. ಬೈಬಲ್ಲಂತೂ ನಾಲಿಗೆಯ ತುದಿಯಲ್ಲಿತ್ತು. ಆಕೆ ಯಾರಿಗೂ ಹೇಳದೆ ಆರ್ಚ್‌ಡೀಕನ್ನರಿಗೆ ಒಂದು ಕಾಗದ ಬರೆದು ಹಾಕಿದ್ದಳು. ಆರ್ಚ್‌ಡೀಕನ್ ಎಂದರೆ ಬಿಷಪ್ಪರ ಕಣ್ಣು, ಕಿವಿ ಮತ್ತು ಬೆತ್ತ.

ಭಾನುವಾರ ಬೆಳಿಗ್ಗೆ ಏಳಕ್ಕೆ ಫಿಲಿಪ್ಪಾ ಫೋನ್ ಮಾಡಿದರು.

"ಡೆಸ್ಮಂಡ್, ಆರ್ಚ್‌ಡೀಕನ್ ಬರ್ತಾರಂತೆ."

"ಬರ್ಲಿ ಬಿಡಿ ಪಾದ್ರಿಯಮ್ಮ. ಯಾವಾಗಂತೆ?"

"ಇವತ್ತು. ಹತ್ತು ಗಂಟೆಗೆ."

ಡೆಸ್ಮಂಡ್ ಕೈಯಲ್ಲಿದ್ದ ಬ್ರೆಡ್ಡು ಚಹಾದೊಳಗೆ ಬಿತ್ತು.

"ನನ್ನ ಮೇಲೆ ವಿಚಾರಣೆ ಆದ್ರೂ ಪರವಾಗಿಲ್ಲ," ಎಂದರು ಫಿಲಿಪ್ಪಾ. "ಆದ್ರೆ ಇದು ಮದುವೆ ಥರ ಇದೆ ಅಂತ ಅವರು ಮಧ್ಯದಲ್ಲೇ ಎದ್ದು ನಿಲ್ಲಿಸಿಬಿಟ್ರೆ? ವಿಲ್ಫ್ ಎದೆಗೆ ಅದು ತಡೆಯುತ್ತಾ? ಏನಾದ್ರೂ ಮಾಡಿ. ಒಂದು ಚೂರೂ ಮದುವೆ ಹಾಗೆ ಕಾಣ್ಬಾರ್ದು."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಮದುವೆ ಆಗದಂತೆ ಮಾಡಿ ನೋಡು ಎಂದು ಅವರಿಗೂ ಹೇಳಲು ತೋಚಿರಲಿಲ್ಲ. ಡೆಸ್ಮಂಡ್ ಪ್ಯಾಂಟಿನ ಮೇಲೆ ಪ್ಯಾಂಟು ಹಾಕಿಕೊಳ್ಳುವಷ್ಟು ಗಡಿಬಿಡಿಯಲ್ಲಿ ಚರ್ಚಿಗೆ ಓಡಿದ.

ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಬಲಿಪೀಠದ ಎರಡೂ ಬದಿಗೆ ಬಿಳಿ ಲಿಲ್ಲಿ, ಕಿಟಕಿಗಳಲ್ಲಿ ಬಿಳಿ ಗುಲಾಬಿ, ಬೆಂಚಿನ ತುದಿತುದಿಗೆ ಬಿಳಿ ಹೂವಿನ ಗೊಂಚಲು. ನಡುವೆ ಬೆರಿಲ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಬೆರಿಲ್! ಇದೇನಮ್ಮ ಇದು? ಈ ಪ್ರಾರ್ಥನೆ ಬೇಡ ಅಂತ ಕುಣಿದೋಳೇ ನೀನು!"

"ಈಗಲೂ ಬೇಡ ಅಂತೀನಿ. ದೇವರ ವಾಕ್ಯ ದೇವರ ವಾಕ್ಯಾನೇ. ಆದ್ರೆ ಇವತ್ತು ಹೂವಿನ ಸರದಿ ನಂದು. ನನ್ನ ಸರದೀಲಿ ಚರ್ಚು ಬೋಳು ಬೋಳಾಗಿರೋದು ನಾ ಸಹಿಸಲ್ಲ. ಜೂನಲ್ಲಿ ಬಿಟ್ಟಿರೋದು ಬಿಳಿ ಹೂವು. ನಾನೇನು ಬಣ್ಣ ಬಳೀಲಾ?"

"ಆರ್ಚ್‌ಡೀಕನ್ ಬರ್ತಿದ್ದಾರೆ ಕಣೆ!"

"ಬರ್ತೀನಿ ಅಂದ್ರಾ?" ಎಂದು ಬೆರಿಲ್ ಸಣ್ಣ ದನಿಯಲ್ಲಿ ಕೇಳಿ, ಕತ್ತರಿ ಎತ್ತಿಕೊಂಡು ಪಕ್ಕದ ಸಭಾಂಗಣದ ಅಡುಗೆಕೋಣೆಗೆ ಹೊರಟುಹೋದಳು.

ಡೆಸ್ಮಂಡ್ ಬಿಳಿ ಹೂವನ್ನೆಲ್ಲ ಬಾಚಿ ಪಕ್ಕದ ಕೋಣೆಗೆ ತುರುಕಿದ. ಬರಿದಾದ ಹೂದಾನಿಗಳಿಗೆ ಏನು ಹಾಕುವುದು? ಅವನ ಹಿತ್ತಲಲ್ಲಿ ಬೀಜಕ್ಕೆ ಬಿಟ್ಟ ಈರುಳ್ಳಿ ಗಿಡ ಹೂಬಿಟ್ಟಿತ್ತು. ಅದನ್ನೇ ಕಿತ್ತು ತಂದು ನಿಲ್ಲಿಸಿದ. ಚರ್ಚಿನ ತುಂಬಾ ಸಾರಿಗೆ ಒಗ್ಗರಣೆ ಹಾಕುವ ಮುಂಚಿನ ವಾಸನೆ ಹರಡಿತು. ಈರುಳ್ಳಿ ಹೂವಿನ ಮಧ್ಯೆ ಲೋಕದಲ್ಲಿ ಯಾರೂ ಮದುವೆಯಾಗಿಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಒಂಬತ್ತೂವರೆಗೆ ಜನ ಬರತೊಡಗಿದರು. ಪ್ರಾರ್ಥನೆ ಬೇಕು ಎನ್ನುವವರು ಎಡಗಡೆ ಕೂತರು, ಬೇಡ ಎನ್ನುವವರು ಬಲಗಡೆ ಕೂತರು, ನಡುವೆ ದಾರಿ. ಡೆಸ್ಮಂಡ್ ದೂರದಿಂದ ನೋಡಿದ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎಂದು ಬೋರ್ಡು ಬರೆದು ಹಾಕುವುದೊಂದು ಬಾಕಿ.

"ಸ್ವಲ್ಪ ಅತ್ತಿತ್ತ ಬೆರೆತು ಕೂತ್ಕೊಳ್ಳಿ," ಎಂದು ಬೇಡಿಕೊಂಡ.

"ನಮ್ಮಜ್ಜಿ ಕೂತ ಬೆಂಚು ಇದು. ನನ್ನ ಹೆಣ ಏಳ್ಬೇಕು ಇಲ್ಲಿಂದ," ಎಂದಿತು ಬಲಗಡೆಯ ಮುದುಕಿ.

"ಅವರ ಪಕ್ಕ ಕೂತ್ಕೋಬೇಕಾ? ನಾವು ಮನೆಗೆ ಹೋಗ್ತೀವಿ," ಎಂದರು ಎಡಗಡೆಯವರು.

ಡೆಸ್ಮಂಡ್‌ಗೆ ಅತ್ತ ದರಿ ಇತ್ತ ಪುಲಿ. ಬೇರೆ ದಾರಿಯಿಲ್ಲದೆ ಜೀವನದಲ್ಲಿ ಮೊದಲ ಸಲ ಚರ್ಚಿನೊಳಗೆ ಸುಳ್ಳು ಹೇಳಿದ. "ಎಡಗಡೆ ಎರಡನೇ ಸಾಲು, ಬಲಗಡೆ ಮೂರನೇ ಸಾಲು... ರಾತ್ರಿ ಬಾವಲಿ ಹಿಕ್ಕೆ ಬಿದ್ದಿದೆ. ಇನ್ನೂ ಒರೆಸಿಲ್ಲ." ಆ ಚರ್ಚಿನ ಬಾವಲಿಗಳನ್ನು ಸರ್ಕಾರದ ಕಾಯಿದೆಯೇ ಕಾಪಾಡುತ್ತಿತ್ತು, ಅವುಗಳ ಹಿಕ್ಕೆಯ ಮುಂದೆ ಯಾರ ಸಿದ್ಧಾಂತವೂ ನಿಲ್ಲುತ್ತಿರಲಿಲ್ಲ. ಎರಡು ನಿಮಿಷದಲ್ಲಿ ಸಭೆ ಮೂಗು ಮುಚ್ಚಿಕೊಂಡು ಕಲಬೆರಕೆಯಾಯಿತು.

ಅಷ್ಟರಲ್ಲಿ ಆಲ್ಬನ್ ಮತ್ತು ವಿಲ್ಫ್ ಬಾಗಿಲಲ್ಲಿ ಕಾಣಿಸಿಕೊಂಡರು. ಇಬ್ಬರಿಗೂ ಒಂದೇ ಬಣ್ಣದ ಹೊಸ ಸೂಟು. ಇಬ್ಬರ ಎದೆಯ ಮೇಲೂ ಒಂದೊಂದು ಗುಲಾಬಿ. ತೋಳಿಗೆ ತೋಳು.

"ಬಿಡಿ, ಬಿಡಿ, ಕೈ ಬಿಡಿ!" ಡೆಸ್ಮಂಡ್ ಬಸ್ಸಿಗೆ ಅಡ್ಡ ಬಂದ ದನ ಓಡಿಸುವವನಂತೆ ಕೈಬೀಸುತ್ತ ಓಡಿದ. ಗುಲಾಬಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ತನ್ನ ಹಳೆಯ ಮಳೆಕೋಟನ್ನು ವಿಲ್ಫ್‌ಗೆ ತೊಡಿಸಿದ.

"ಮಂಡಿಯವರೆಗೂ ಬರ್ತಿದೆ ಕಣೋ," ಎಂದ ವಿಲ್ಫ್.

"ಇರ್ಲಿ ಮಾರಾಯ, ಒಂದು ಗಂಟೆ ಸಹಿಸ್ಕೋ. ಒಟ್ಟಿಗೆ ನಡೀಬೇಡಿ. ನೀನು ಮುಂದೆ ಹೋಗು, ಆಲ್ಬನ್ ಐದು ನಿಮಿಷ ಬಿಟ್ಟು ಬರ್ಲಿ. ಅಕ್ಕಪಕ್ಕ ಕೂರೋ ಹಾಗೂ ಇಲ್ಲ. ಮಧ್ಯದಲ್ಲಿ ನಾನು ಕೂತಿರ್ತೀನಿ."

ವಿಲ್ಫ್ ಕೋಟಿನ ಒಂದೊಂದೇ ಗುಂಡಿ ಹಾಕಿಕೊಳ್ಳುತ್ತ ಒಳಗೆ ಹೋದ.

ಗೋಪುರದ ಗಂಟೆ ಬಾರಿಸುವವರು ಇವತ್ತು ಮದುವೆಗೆ ಬಾರಿಸುವ ಹಾಗೆ ಆರೂ ಗಂಟೆ ಬಾರಿಸುತ್ತೇವೆಂದು ತೋಳು ಮಡಚಿ ನಿಂತಿದ್ದರು. ಡೆಸ್ಮಂಡ್ ಅವರ ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಒಂದೇ ಗಂಟೆ, ಅದೂ ನಿಧಾನಕ್ಕೆ ಎಂದು ಒಪ್ಪಂದವಾಯಿತು. ಡಣ್... ಎಂದು ಒಂದು ಪೆಟ್ಟು ಬಿತ್ತು. ಬಹಳ ಹೊತ್ತಾದ ಮೇಲೆ ಮತ್ತೊಂದು. ಹಾದಿಯಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದವನೊಬ್ಬ ಯಾರೋ ತೀರಿಕೊಂಡರೆಂದು ಟೋಪಿ ತೆಗೆದು ತಲೆ ಬಾಗಿಸಿ ನಿಂತ.

ಆರ್ಚ್‌ಡೀಕನ್ ಬಂದರು. ಉದ್ದನೆಯ ಆಳು, ಕರಿ ಕೋಟು, ಕೈಯಲ್ಲಿ ಸಣ್ಣ ಪುಸ್ತಕ. ಹಿಂದಿನ ಬೆಂಚಿನಲ್ಲಿ ಕೂತು ಈರುಳ್ಳಿ ಹೂವನ್ನು ನೋಡಿದರು, ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು, ಏನೋ ಬರೆದುಕೊಂಡರು.

ಆರಾಧನೆ ನಡೆಯಿತು. ಫಿಲಿಪ್ಪಾ ರೋಗಿಗಳಿಗಾಗಿ ಪ್ರಾರ್ಥಿಸಿದರು, ರಾಜನಿಗಾಗಿ ಪ್ರಾರ್ಥಿಸಿದರು, ಆಮೇಲೆ ಅದೇ ದನಿಯಲ್ಲಿ, "ಆಲ್ಬನ್ ಮತ್ತು ವಿಲ್ಫ್ ಒಬ್ಬರಿಗೊಬ್ಬರು ತೋರಿದ ಪ್ರೀತಿಗಾಗಿ, ನಂಬಿಕೆಗಾಗಿ" ಎಂದರು. ಮೂವರೂ ಮೊಣಕಾಲೂರಿದ್ದರು, ನಡುವೆ ಡೆಸ್ಮಂಡ್. ಅವನ ಬೆನ್ನಿನ ಮೇಲೆ ಏನೋ ಹರಿದಾಡಿದಂತಾಯಿತು. ಬಾವಲಿಯೇ ಎಂದುಕೊಂಡ. ಬಾವಲಿಯಲ್ಲ. ಎಡದಿಂದ ಒಂದು ಕೈ, ಬಲದಿಂದ ಒಂದು ಕೈ ಅವನ ಬೆನ್ನ ಹಿಂದೆ ತಡಕಾಡುತ್ತ ಬಂದು ಒಂದನ್ನೊಂದು ಹಿಡಿದುಕೊಂಡವು. ಮುದಿ ಕೈಗಳು. ಆರ್ಚ್‌ಡೀಕನ್ನರಿಗೆ ಕಾಣದಿರಲೆಂದು ಡೆಸ್ಮಂಡ್ ತಾನು ತೊಟ್ಟಿದ್ದ ಸೂಟಿನ ಕೋಟನ್ನು ಹಿಂದಕ್ಕೆ ಹರಡಿಕೊಂಡ. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಮುಗಿಯಿತು. ಆರ್ಚ್‌ಡೀಕನ್ ಬಾಗಿಲಲ್ಲಿ ನಿಂತು ವಿಲ್ಫ್‌ನ ಕೈಯನ್ನು ಎರಡೂ ಕೈಯಿಂದ ಹಿಡಿದು, "ಧೈರ್ಯ ತಗೊಳ್ಳಿ. ತೀರಿಹೋದವರು ನಿಮಗೆ ಬಹಳ ಹತ್ತಿರದವರಾ?" ಎಂದು ಕೇಳಿದರು. ಫಿಲಿಪ್ಪಾ ಕಿವಿಯಲ್ಲಿ ಏನೋ ಹೇಳಿದ ಮೇಲೆ ಕೆಮ್ಮಿ, ಡೆಸ್ಮಂಡ್ ಕಡೆ ತಿರುಗಿದರು.

"ನೋಡಿ ವಾರ್ಡನ್ನರೇ, ದೂರು ಬಂದಿತ್ತು, ಬಂದೆ. ಇದರಲ್ಲಿ ಮದುವೆಯ ಸುಳಿವೂ ಇಲ್ಲ. ಹಾಗಂತ ಬರೀತೀನಿ." ಕಾರು ಹೊರಟಿತು.

ಡೆಸ್ಮಂಡ್ ಗೆದ್ದ ಪೈಲ್ವಾನನಂತೆ ಬೀಗುತ್ತ ಒಳಗೆ ಬಂದ. ವಿಲ್ಫ್ ಮಳೆಕೋಟಿನಲ್ಲೇ ಮತ್ತೆ ಬೆಂಚಿನ ಮೇಲೆ ಹೋಗಿ ಕೂತಿದ್ದ.

"ಒಳ್ಳೇದಾಯ್ತು ಕಣೋ ಡೆಸ್," ಎಂದ. "ಮಂಗಳವಾರ ನಾನು ಸತ್ರೆ ನಿಂಗೆ ಮತ್ತೆ ಓಡಾಟ ಇಲ್ಲ. ಗಂಟೆ ಬಾರಿಸಿದ್ದಾಯ್ತು, ಪ್ರಾರ್ಥನೆ ಮಾಡಿದ್ದಾಯ್ತು. ಆರ್ಚ್‌ಡೀಕನ್ ಸಂತಾಪ ಹೇಳಿದ್ದೂ ಆಯ್ತು."

ತಮಾಷೆಗೇ ಅಂದದ್ದು. ಆದರೆ ಅವನ ಬಾಯಿ ನಗಲಿಲ್ಲ. "ಮೂವತ್ತೆಂಟು ವರ್ಷ ಆಯ್ತಪ್ಪ," ಎಂದ ಮೆಲ್ಲಗೆ. "ಒಂಚೂರು ಮದುವೆ ಹಾಗೆ ಕಂಡಿದ್ರೆ ಚೆನ್ನಾಗಿರ್ತಿತ್ತು."

ಬೆಳಿಗ್ಗೆಯಿಂದ ಒಂದು ಸಾಲನ್ನು ಕಾಪಾಡಲು ಓಡಾಡಿದ್ದೇನೆ. ಈ ಮನುಷ್ಯನ ಮುಖವನ್ನು ಒಂದು ಸಲವಾದರೂ ನೋಡಿದೆನೇ ಎಂದು ಡೆಸ್ಮಂಡ್‌ಗೆ ಅನ್ನಿಸಿತು. ಜೇಬಿನಿಂದ ಗುಲಾಬಿ ತೆಗೆದ. ಚಪ್ಪಟೆಯಾಗಿತ್ತು. ಅದನ್ನೇ ವಿಲ್ಫ್‌ನ ಕೈಗಿಟ್ಟ. "ಏಳು. ಆ ದರಿದ್ರ ಕೋಟು ಬಿಚ್ಚು," ಎಂದವನೇ ಗೋಪುರದ ಕಡೆ ಕೂಗಿದ, "ಆರೂ ಬಾರಿಸ್ರೋ!"

ಪಕ್ಕದ ಸಭಾಂಗಣಕ್ಕೆ ಲಿಲ್ಲಿಗಳು ಬಂದವು. ಗಂಟೆಗಳು ಊರು ಹಾರಿಹೋಗುವಂತೆ ಮೊಳಗಿದವು. ಯಾರೋ ಅಕ್ಕಿ ತಂದು ಇಬ್ಬರ ತಲೆಯ ಮೇಲೆ ಎರಚಿದರು. ಆಗ ಅಡುಗೆಕೋಣೆಯ ಬಾಗಿಲು ತೆರೆದು ಬೆರಿಲ್ ಬಂದಳು. ಕೈಯಲ್ಲಿ ಮೂರು ಅಂತಸ್ತಿನ ಬಿಳಿ ಕೇಕು.

ಎಲ್ಲರೂ ದಂಗಾದರು.

"ಏನ್ ಹಾಗೆ ನೋಡ್ತೀರಿ?" ಎಂದಳು ಬೆರಿಲ್. "ಕಾಗದ ಬರೆದೋಳು ನಾನೇ. ನನ್ನ ನಂಬಿಕೆ ನಂದು, ಅದನ್ನ ಬಿಟ್ಟುಕೊಡಲ್ಲ. ಆದ್ರೆ ನನ್ನ ಗಂಡ ಸಾಯೋವಾಗ ಹನ್ನೊಂದು ದಿನ ಅವನ ಹಾಸಿಗೆ ಪಕ್ಕ ಕೂತು ಪೇಪರ್ ಓದಿ ಹೇಳಿದ್ದು ಈ ವಿಲ್ಫ್. ಅವನನ್ನ ಕೇಕ್ ಇಲ್ದೆ ಆಸ್ಪತ್ರೆಗೆ ಕಳಿಸು ಅಂತ ಯಾವ ವಾಕ್ಯದಲ್ಲೂ ಬರೆದಿಲ್ಲ. ಹುಡುಕಿದ್ದೀನಿ."

ಆಲ್ಬನ್ ಬಿಕ್ಕಿದ. ವಿಲ್ಫ್ ನಗುತ್ತ ಚಾಕು ಹಿಡಿದ, ಅವನ ಕೈಮೇಲೆ ಆಲ್ಬನ್ ಕೈಯಿಟ್ಟ.

"ನನ್ನ ಕನ್ನಡಕ ಇಲ್ಲೇ ಬಿಟ್ಟು ಹೋದೆ ಅನ್ಸುತ್ತೆ," ಎಂದಿತು ಬಾಗಿಲಿನಿಂದ ಒಂದು ದನಿ.

ಆರ್ಚ್‌ಡೀಕನ್! ಅವರು ಲಿಲ್ಲಿ ನೋಡಿದರು, ಅಕ್ಕಿ ನೋಡಿದರು, ಕೇಕು ನೋಡಿದರು. ಗೋಪುರದಲ್ಲಿ ಆರು ಗಂಟೆಗಳು ಕುಣಿಯುತ್ತಿದ್ದವು. ಅವರ ಕೈ ನಿಧಾನವಾಗಿ ಸಣ್ಣ ಪುಸ್ತಕದ ಕಡೆ ಹೋಯಿತು. ಫಿಲಿಪ್ಪಾ ಬಿಳಿಚಿಕೊಂಡರು. ವಿಲ್ಫ್ ಎದೆ ಹಿಡಿದುಕೊಂಡ.

"ಇದು ಮದುವೆಯ ಸಂಭ್ರಮ ಅಲ್ವೇ?" ಎಂದು ಆರ್ಚ್‌ಡೀಕನ್ ಕೇಳಿದರು.

ಬೆರಿಲ್ ಮುಂದೆ ನುಗ್ಗಿ ಚಾಕು ಕಿತ್ತುಕೊಂಡಳು. ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ ಡೆಸ್ಮಂಡ್‌ನ ಕೈಯನ್ನು ಎಳೆದು ತನ್ನ ಕೈಯ ಮೇಲೆ ಒತ್ತಿಕೊಂಡಳು.

"ಹೌದು ಸ್ವಾಮಿ," ಎಂದಳು. "ನಂದೂ ಡೆಸ್ಮಂಡ್‌ದೂ ನಿಶ್ಚಿತಾರ್ಥ."

ಆರ್ಚ್‌ಡೀಕನ್ನರ ಮುಖ ಅರಳಿತು. "ಓಹೋಹೋ! ಅದಕ್ಕೇ ವಾರ್ಡನ್ನರು ಬೆಳಿಗ್ಗೆಯಿಂದ ಆ ಪಾಟಿ ಗಾಬರಿಯಾಗಿದ್ರು!"

"ಬೆರಿಲ್," ಎಂದು ಡೆಸ್ಮಂಡ್ ಹಲ್ಲಿನ ಸಂದಿಯಲ್ಲಿ ಪಿಸುಗುಟ್ಟಿದ, "ಸುಳ್ಳು ಹೇಳೋದು ಪಾಪ ಅಲ್ವೇನೇ?"

"ಗೊತ್ತು," ಎಂದಳು ಬೆರಿಲ್. ಅವಳ ಕಿವಿ ಕೆಂಪಾಗಿತ್ತು. "ಅದಕ್ಕೇ ನಿಜ ಮಾಡ್ಬಿಡೋಣ."

ಆಕೆಯ ಕೈ ಬೆಚ್ಚಗಿತ್ತು. ಬಿಡಿಸಿಕೊಳ್ಳಬೇಕೆಂದು ಡೆಸ್ಮಂಡ್‌ಗೆ ಅನ್ನಿಸಿತು. ವಿಲ್ಫ್‌ನ ಮುಖ ನೋಡಿ ಕೈಯನ್ನು ಅಲ್ಲೇ ಬಿಟ್ಟ.

"ನಮ್ಮ ಪದ್ಧತಿಯಂತೆ ಮದುವೆಯ ಸುದ್ದಿಯನ್ನ ಮೂರು ಭಾನುವಾರ ಚರ್ಚಿನಲ್ಲಿ ಸಾರಬೇಕು," ಎಂದರು ಆರ್ಚ್‌ಡೀಕನ್, ಕೈಗೆ ಬಂದ ಕೇಕಿನ ತುಂಡನ್ನು ಬಾಯಿಗಿಡುತ್ತ. "ಮುಂದಿನ ವಾರ ನಾನೇ ಬಂದು ಓದ್ತೀನಿ. ಎಲ್ಲರೂ ಹೇಗೂ ಇದ್ದೀರಿ, ಈಗಲೇ ಒಂದು ಸಲ ಕೇಳಿಬಿಡೋಣ. ಈ ಇಬ್ಬರು ಮದುವೆ ಆಗಬಾರದು ಅನ್ನೋದಕ್ಕೆ ನಿಮ್ಮಲ್ಲಿ ಯಾರಿಗಾದ್ರೂ ಕಾರಣ ಗೊತ್ತಿದ್ರೆ, ಹೇಳಿ."

ಡೆಸ್ಮಂಡ್ ಆಸೆಗಣ್ಣಿನಿಂದ ಒಬ್ಬೊಬ್ಬರನ್ನೇ ನೋಡಿದ. ಹೆಂಗಸು ಪಾದ್ರಿಯಾಗಬಹುದೇ ಎಂಬುದರಿಂದ ಹಿಡಿದು ಚಹಾಕ್ಕೆ ಹಾಲು ಮೊದಲೋ ಆಮೇಲೋ ಎಂಬುದರವರೆಗೆ ಯಾವುದರಲ್ಲೂ ಒಂದಾಗದ ನೆದರ್ ಹ್ಯಾಕ್ಲಿಯ ಸಭೆ, ಎಡದವರು ಬಲದವರು ಎನ್ನದೆ, ತನ್ನ ಚರಿತ್ರೆಯಲ್ಲೇ ಮೊದಲ ಸಲ ಒಮ್ಮತದಿಂದ ಬಾಯಿ ಮುಚ್ಚಿಕೊಂಡು ನಿಂತಿತ್ತು.